ಮಗುವಿನ ಮೊಬೈಲಿಗೆ ಬರೆಯುವ ಹುಟ್ಟಿದ ವರ್ಷ

ಪ್ರಾಥಮಿಕ ಶಾಲೆಯ ಮಗುವಿಗೆ ಪ್ರತ್ಯೇಕ ಮೊಬೈಲನ್ನೋ ಟ್ಯಾಬ್ಲೆಟನ್ನೋ ಕೊಡಿಸಬೇಕೇ ಎಂಬ ಪ್ರಶ್ನೆಯನ್ನು ಸವದತ್ತಿ ಭಾಗದ ಪಾಲಕರಿಂದ ನಾವು ಮೇಲಿಂದ ಮೇಲೆ ಕೇಳುತ್ತಿದ್ದೇವೆ. ಈ ಪ್ರಶ್ನೆ ಬಲಗೊಂಡದ್ದು ಕೊರೊನಾ ಕಾಲದಲ್ಲಿ. ೨೦೨೦ರ ಮಾರ್ಚಿನಲ್ಲಿ ಮುಚ್ಚಿದ ಶಾಲೆಯ ಬಾಗಿಲು ನಮ್ಮ ರಾಜ್ಯದಲ್ಲಿ ಒಂದರಿಂದ ಐದನೆಯ ತರಗತಿಯ ಮಕ್ಕಳಿಗೆ ಮತ್ತೆ ತೆರೆದದ್ದು ೨೦೨೧ರ ಅಕ್ಟೋಬರ್ ೨೫ರಂದು. ಐದನೆಯ ತರಗತಿಯವರೆಗೆ ಆನ್‌ಲೈನ್ ಪಾಠ ಬೇಡವೆಂದು ೨೦೨೦ರ ಜೂನಿನಲ್ಲಿ ಸರಕಾರ ಆದೇಶಿಸಿತು. ಜುಲೈನಲ್ಲಿ ಹೈಕೋರ್ಟು ಅದಕ್ಕೆ ತಡೆ ನೀಡಿತು. ಈ ಚರ್ಚೆ ನಡೆಯುತ್ತಿರುವಾಗಲೇ ತಂದೆಯ ಫೋನು ಮಗುವಿನ ಕೈ ಸೇರಿತ್ತು. ಶಾಲೆ ತೆರೆದ ಮೇಲೂ ಎಷ್ಟೋ ಮನೆಗಳಲ್ಲಿ ಅದು ಹಿಂದಿರುಗಿ ಬರಲಿಲ್ಲ.

ಸಾಧನದ ಯೋಗ್ಯತೆಯನ್ನು ಅದರ ಉದ್ದೇಶದಿಂದ ಅಳೆಯಬೇಕೆಂಬುದು ಅರಿಸ್ಟಾಟಲನ ಕಾಲದಿಂದ ಬಂದ ವಿವೇಕ. ಆದ್ದರಿಂದ ಅಂಗಡಿಗೆ ಹೋಗುವ ಮುನ್ನ 'ಯಾವುದಕ್ಕಾಗಿ?' ಎಂದು ಕೇಳಿಕೊಳ್ಳೋಣ. ಪಠ್ಯಪುಸ್ತಕದ ಕ್ಯೂಆರ್ ಕೋಡಿನಿಂದ ದೀಕ್ಷಾದ ಪಾಠ ನೋಡಲು, ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ತಾಣದಲ್ಲಿ ಉಚಿತವಾಗಿ ದೊರೆಯುವ ಕನ್ನಡ ಕಥೆಗಳನ್ನು ಓದಲು ಬೇಕಾದುದು ಅಗಲವಾದ ಪರದೆಯೇ ಹೊರತು ದುಬಾರಿ ಕ್ಯಾಮೆರಾ ಅಲ್ಲ. ಸಿಮ್ ಇಲ್ಲದ, ವೈಫೈ ಮಾತ್ರವಿರುವ ಟ್ಯಾಬ್ಲೆಟ್ ಸಾಕು. ತಂದೆಯ ಫೋನಿನ ಹಾಟ್‌ಸ್ಪಾಟಿನಿಂದ ಮಾತ್ರ ಅದಕ್ಕೆ ಇಂಟರ್‌ನೆಟ್ ಸಿಗುವಂತಿದ್ದರೆ, ಹಾಟ್‌ಸ್ಪಾಟ್ ಮುಚ್ಚಿದೊಡನೆ ಇಂಟರ್‌ನೆಟ್ಟೂ ನಿಲ್ಲುತ್ತದೆ. ಹಳೆಯ ಫೋನನ್ನೇ ಕೊಡುವುದಾದರೆ ಹಣ ಪಾವತಿಯ ಆ್ಯಪು, ಬ್ಯಾಂಕಿನ ಸಂದೇಶ, ಭಾವಚಿತ್ರಗಳೆಲ್ಲ ಹೋಗುವಂತೆ ಪೂರ್ತಿ ಅಳಿಸಿ ಹೊಸದರಂತೆ ಆರಂಭಿಸಬೇಕು. ಬ್ಯಾಟರಿ ಉಬ್ಬಿದ್ದರೆ ಆ ಫೋನು ಮಗುವಿಗೆ ಸಲ್ಲದು.

ಆರಂಭಿಸುವಾಗ ಯಂತ್ರವು ಖಾತೆ ತೆರೆಯಲು ಹುಟ್ಟಿದ ದಿನಾಂಕವನ್ನು ಕೇಳುತ್ತದೆ. ಎಡವುವುದು ಇಲ್ಲಿಯೇ. ಭಾರತದಲ್ಲಿ ಗೂಗಲ್ ಖಾತೆಯನ್ನು ತಾನೇ ನಿರ್ವಹಿಸಲು ಹದಿಮೂರು ವರ್ಷ ತುಂಬಿರಬೇಕು. ಎಂಟು ವರ್ಷದ ಮಗುವಿನ ನಿಜ ವಯಸ್ಸು ಬರೆದರೆ ಪಾಲಕರ ಒಪ್ಪಿಗೆ ಬೇಕಾಗುತ್ತದೆ. ಅದು ಕಿರಿಕಿರಿಯೆಂದು ಅಂಗಡಿಯ ಹುಡುಗನೋ, ಕಾಲೇಜಿಗೆ ಹೋಗುವ ಅಣ್ಣನೋ ಹಿಂದಿನ ಒಂದು ವರ್ಷವನ್ನು ಬರೆದು ಕೆಲಸ ಮುಗಿಸುತ್ತಾನೆ. ಆ ಕ್ಷಣದಿಂದ ಯಂತ್ರದ ಪಾಲಿಗೆ ಮಗು ವಯಸ್ಕನಾಗಿಬಿಡುತ್ತದೆ. ಮಕ್ಕಳಿಗೆಂದು ಇಟ್ಟ ತಡೆಗಳು ಅದಕ್ಕೆ ಅನ್ವಯಿಸುವುದಿಲ್ಲ. ಜಾಹೀರಾತುಗಳೂ ವಿಡಿಯೊಗಳೂ ದೊಡ್ಡವರ ಅಳತೆಗೆ ತಕ್ಕಂತೆ ಬರುತ್ತವೆ. ನಿಜ ವಯಸ್ಸು ಬರೆದರೆ ಫ್ಯಾಮಿಲಿ ಲಿಂಕ್ ಎಂಬ ಉಚಿತ ಆ್ಯಪಿನ ಮೂಲಕ ತಾಯಿ ತನ್ನ ಫೋನಿನಿಂದಲೇ ಯಾವ ಆ್ಯಪು ಇರಬೇಕು, ದಿನಕ್ಕೆ ಎಷ್ಟು ಹೊತ್ತು, ರಾತ್ರಿ ಎಷ್ಟು ಗಂಟೆಗೆ ಬೀಗ ಎಂಬುದನ್ನು ನಿಶ್ಚಯಿಸಬಹುದು.

ನಷ್ಟ ಇಷ್ಟಕ್ಕೇ ನಿಲ್ಲುವುದಿಲ್ಲ. ಏಳು ವರ್ಷ ತುಂಬಿದ ಮಗುವಿಗೆ ವಿವೇಕ ಬಂದಿದೆಯೆಂದು ಧರ್ಮಸಭೆ ಭಾವಿಸುತ್ತದೆ. ಭಾನುವಾರದ ಧರ್ಮೋಪದೇಶದಲ್ಲಿ ಎಂಟನೆಯ ಆಜ್ಞೆಯನ್ನು ಬಾಯಿಪಾಠ ಮಾಡಿದ ಅದೇ ಮಗು ಪಕ್ಕದಲ್ಲಿ ಕುಳಿತು, ತನ್ನ ಹೆಸರಿನಲ್ಲಿ ಮನೆಯವರು ಬರೆಯುವ ಸುಳ್ಳನ್ನು ನೋಡುತ್ತಿರುತ್ತದೆ. ಅನುಕೂಲವಾಗುವುದಾದರೆ ಸುಳ್ಳು ತಪ್ಪಲ್ಲವೆಂಬುದೇ ಆ ಸಾಧನ ಕಲಿಸುವ ಮೊದಲ ಪಾಠವಾಗುತ್ತದೆ. ಮುಂದೆ ಮಗು ಏನು ನೋಡಿದೆಯೆಂದು ನಮಗೆ ಮರೆಮಾಚಿದರೆ ಯಾವ ಬಾಯಿಂದ ಬುದ್ಧಿ ಹೇಳೋಣ?

೨೦೨೩ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಹದಿನೆಂಟು ತುಂಬದವರೆಲ್ಲರನ್ನೂ ಮಕ್ಕಳೆಂದು ಕರೆದು, ಅವರ ಮಾಹಿತಿ ಬಳಸಲು ಪಾಲಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಅದರ ನಿಯಮಗಳು ೨೦೨೫ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಹಂತಹಂತವಾಗಿ ಜಾರಿಗೆ ಬರಬೇಕಾಗಿವೆ. ಆದರೆ ಪಾಲಕರೇ ವಯಸ್ಸನ್ನು ಮುಚ್ಚಿಟ್ಟರೆ ಕಾನೂನಿನ ಕೊಡೆ ಮಗುವಿನ ತಲೆಯ ಮೇಲೆ ಬಾರದು.

'ನಮಗೆ ಇದೆಲ್ಲ ತಿಳಿಯದು' ಎಂದು ಹೊಲಮನೆಯ ದುಡಿಮೆಯಲ್ಲಿರುವ ತಾಯಂದಿರು ಹೇಳುವುದುಂಟು. ತಿಳಿದವರ ಸಹಾಯ ಪಡೆಯುವುದರಲ್ಲಿ ತಪ್ಪಿಲ್ಲ. ಆದರೆ ಪಾಲಕರ ಖಾತೆ ನಿಮ್ಮದೇ ಆಗಿರಲಿ, ಪಾಸ್‌ವರ್ಡ್ ನಿಮ್ಮ ಬಳಿಯೇ ಇರಲಿ. ಸುಳ್ಳು ವರ್ಷ ಬರೆದಾಗಿದ್ದರೆ ಮಗುವಿಗೆ ಕಾರಣ ತಿಳಿಸಿ, ಆ ಖಾತೆಯನ್ನು ಅಳಿಸಿ, ನಿಜ ವಯಸ್ಸಿನಿಂದ ಹೊಸದನ್ನು ತೆರೆಯಿರಿ. ಸಾಧನವು ಪಡಸಾಲೆಯಲ್ಲಿ ಎಲ್ಲರ ಕಣ್ಣೆದುರು ಬಳಕೆಯಾಗಲಿ, ರಾತ್ರಿ ಅಲ್ಲಿಯೇ ಚಾರ್ಜಾಗಲಿ. ಅದರ ಪಕ್ಕದಲ್ಲಿ ತಂದೆತಾಯಿಯರ ಫೋನುಗಳೂ ಇರಲಿ.