ಬೆಕ್ಕಿನ ಹಿಂಗಾಲು ಸೋತರೆ ಮೊದಲು ಪಾದ ಮುಟ್ಟಿ ನೋಡಿ

ಡೊಂಬಿವಲಿ, ಕಲ್ಯಾಣ, ಥಾಣೆ, ನವಿ ಮುಂಬಯಿಯ ನಮ್ಮ ಸಣ್ಣ ಫ್ಲ್ಯಾಟುಗಳಿಗೆ ನಾಯಿಗಿಂತ ಬೆಕ್ಕೇ ಚೆನ್ನಾಗಿ ಒಗ್ಗುತ್ತದೆ. ನಾನೂ ಬೆಕ್ಕು ಸಾಕಿದವನೇ. ರಾತ್ರಿ ಆಡಿಕೊಂಡಿದ್ದ ಮರಿ ಬೆಳಿಗ್ಗೆ ಹಿಂಗಾಲು ಎಳೆದುಕೊಂಡು ಬಂದರೆ ‘ಲಕ್ವ ಹೊಡೆದಿದೆ, ಇನ್ನು ಮುಗಿಯಿತು’ ಎನ್ನುವವರನ್ನು ಕಂಡಿದ್ದೇನೆ. ಆದರೆ ಕಾಲು ಸೋಲುವುದು ಒಂದು ಲಕ್ಷಣ ಮಾತ್ರ. ಕಾರಣ ಹಲವು, ಅವುಗಳಲ್ಲಿ ಮೂರನ್ನು ನಾವು ತಿಳಿದಿರಲೇಬೇಕು.

ಮೊದಲನೆಯದು ರಕ್ತದ ಗಡ್ಡೆ. ಹೃದಯದ ಸ್ನಾಯು ದಪ್ಪಗಾಗುವ ಕಾಯಿಲೆಯಿದ್ದರೆ ಒಳಗೆ ಹೆಪ್ಪುಗಟ್ಟಿದ ರಕ್ತ ಜಾರಿ, ಹಿಂಗಾಲಿನ ರಕ್ತನಾಳ ಕವಲೊಡೆಯುವಲ್ಲಿ ಸಿಕ್ಕಿಕೊಳ್ಳುತ್ತದೆ. ಮೇನ್ ಕೂನ್‌ನಂಥ ತಳಿಗಳಲ್ಲಿ ಈ ಹೃದಯದ ಕಾಯಿಲೆ ವಂಶದಲ್ಲೇ ಬರಬಹುದು. ಎಳೆಯ ಬೆಕ್ಕೂ ಹೊರತಲ್ಲ. ಪಾದ ತಣ್ಣಗಿರುತ್ತದೆ, ಅಂಗಾಲು ಬಿಳಿಚಿ ಅಥವಾ ನೀಲಿಯಾಗಿರುತ್ತದೆ, ಬೆಕ್ಕು ನೋವಿನಿಂದ ಚೀರುತ್ತದೆ. ಆಗ ಒಂದು ಗಂಟೆಯೂ ಕಾಯಬಾರದು.

ಎರಡನೆಯದು ಬೀಳುವುದು. 1987ರಲ್ಲಿ ನ್ಯೂಯಾರ್ಕಿನ ಪಶುವೈದ್ಯರು ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರ ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ಶೇ. 90ರಷ್ಟು ಬದುಕಿದವು. ನಮ್ಮ ಕಿಟಕಿ, ಬಾಲ್ಕನಿಯ ಗ್ರಿಲ್ ಸಂದಿನಲ್ಲಿ ಮರಿ ಸಲೀಸಾಗಿ ನುಸುಳುತ್ತದೆ, ಬಲೆ ಕಟ್ಟಿಸಿ.

ಮೂರನೆಯದು ಊಟ. ಪ್ರೀತಿಯಿಂದ ಬರೀ ಎಲುಬಿಲ್ಲದ ಚಿಕನ್ ಬೇಯಿಸಿ ಹಾಕುತ್ತೇವೆ. ಮಾಂಸದಲ್ಲಿ ರಂಜಕ ಹೆಚ್ಚು, ಕ್ಯಾಲ್ಸಿಯಂ ತೀರಾ ಕಡಿಮೆ. ಕೊರತೆಯನ್ನು ದೇಹ ಎಲುಬಿನಿಂದಲೇ ತುಂಬಿಕೊಳ್ಳುತ್ತದೆ. ತೆಳುವಾದ ಎಲುಬು ಸೋಫಾದಿಂದ ಜಿಗಿದರೂ ಮುರಿಯಬಹುದು. ಬೇಗ ಗುರುತಿಸಿ, ಸಮತೋಲಿತ ಆಹಾರ ಕೊಟ್ಟು ಪಂಜರದಲ್ಲಿ ವಿಶ್ರಾಂತಿ ಕೊಡಿಸಿದರೆ ಅನೇಕ ಮರಿಗಳು ಚೇತರಿಸಿಕೊಳ್ಳುತ್ತವೆ.

ಹಾಗಾಗಿ ಮೊದಲು ಹಿಂಗಾಲಿನ ಪಾದ ಮುಟ್ಟಿ, ಮುಂಗಾಲಿನದಕ್ಕೆ ಹೋಲಿಸಿ. ತಣ್ಣಗಿದ್ದರೆ ಹತ್ತಿರದ ವೈದ್ಯರಲ್ಲಿಗೆ ಓಡಿ. ಬೆಚ್ಚಗಿದ್ದರೂ ಅದೇ ದಿನ ತೋರಿಸಿ. ಗಟ್ಟಿ ರಟ್ಟಿನ ಮೇಲೆ ಮಲಗಿಸಿ ಒಯ್ಯಿರಿ, ಬೆನ್ನು ಬಾಗಬಾರದು. ಎಣ್ಣೆ ತಿಕ್ಕಬೇಡಿ, ಶಾಖ ಕೊಡಬೇಡಿ. ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಚೂರೂ ಕೊಡಬೇಡಿ. ಕೊನೆಯ ಬಾರಿ ಮೂತ್ರ ಮಾಡಿದ್ದು ಯಾವಾಗ ಎಂಬುದನ್ನು ವೈದ್ಯರಿಗೆ ಹೇಳಿ. ಬೆನ್ನುಹುರಿಗೆ ಪೆಟ್ಟಾಗಿದ್ದರೆ ಅದು ಕಟ್ಟಿಕೊಳ್ಳಬಹುದು.

ಖರ್ಚಿಗೆ ಹೆದರಿ ಮನೆಯಲ್ಲೇ ಉಳಿಯಬೇಡಿ. ಪರೇಲಿನಲ್ಲಿ ಬಾಯಿ ಸಾಕರಬಾಯಿ ದಿನ್ಶಾ ಪೆಟಿಟ್ ಪ್ರಾಣಿ ಆಸ್ಪತ್ರೆಯಿದೆ, 1886ರಲ್ಲಿ ಶುರುವಾದ ಮುಂಬಯಿ ಪಶುವೈದ್ಯ ಕಾಲೇಜೂ ಅಲ್ಲೇ ಇದೆ. ಹತ್ತಿರದ ವೈದ್ಯರ ನಂಬರನ್ನು ಇವತ್ತೇ ಫೋನಿನಲ್ಲಿ ಉಳಿಸಿಕೊಳ್ಳಿ. ರಾತ್ರಿ ಎರಡು ಗಂಟೆಗೆ ಹುಡುಕುತ್ತಾ ಕೂರಲು ಬೆಕ್ಕಿಗೆ ಪುರುಸೊತ್ತಿರುವುದಿಲ್ಲ.