ನಾಕಾಣೆ ಕೊರತೆ, ಹದಿನಾರಾಣೆ ನಷ್ಟ

2023ರ ಮುಂಗಾರು ಮುಗಿದ ವಾರ. ರಾತ್ರಿ ಒಂಬತ್ತರ ಬುಲೆಟಿನ್‌ನಲ್ಲಿ ನಾನು ಒಂದು ಸಾಲು ಓದಿದೆ: "ಈ ಬಾರಿ ರಾಜ್ಯಕ್ಕೆ ಸುಮಾರು ಶೇಕಡಾ 25ರಷ್ಟು ಮಳೆ ಕೊರತೆ." ಓದಿ ಮುಂದಿನ ಸುದ್ದಿಗೆ ಹೋದೆ. ಸ್ಟುಡಿಯೋದಿಂದ ಹೊರಗೆ ಬರುವಷ್ಟರಲ್ಲಿ ಕುಂದಗೋಳ ಕಡೆ ಇರುವ ನಮ್ಮ ಕಾಕಾನ ಫೋನ್.

"ಏನಪಾ ತಮ್ಮಾ, ಶೇಕಡಾ ಇಪ್ಪತ್ತೈದು ಅಂದಿ. ಅಂದ್ರ ನಾಕಾಣೆ ಹೋತು ಅಂದಂಗಾತು. ನಂದು ಹದಿನಾರಾಣೆನೂ ಹೋಗೇತಲ್ಲೋ!"

ನಾನು ಓದಿದ ಅಂಕಿ ತಪ್ಪಿರಲಿಲ್ಲ. ಕಾಕಾ ಹೇಳಿದ್ದೂ ಸುಳ್ಳಲ್ಲ. ಹಾಗಾದರೆ ಈ 'ಕೊರತೆ' ಅಂದ್ರೆ ಏನು? ಬಜೆಟ್ ಬಂದಾಗ ವಿತ್ತೀಯ ಕೊರತೆ, ಮಳೆ ಕೈಕೊಟ್ಟಾಗ ಮಳೆ ಕೊರತೆ, ಬೇಸಿಗೆಯಲ್ಲಿ ವಿದ್ಯುತ್ ಕೊರತೆ. ದಿನಕ್ಕೆ ಹತ್ತು ಸಲ ಈ ಪದ ಬಳಸುವ ನಾವೇ ಅದನ್ನ ಬಿಡಿಸಿ ಹೇಳೋದಿಲ್ಲ. ಇವತ್ತು ಹೇಳ್ತೀನಿ.

ಇಂಗ್ಲಿಷಿನವರ 'ಡೆಫಿಸಿಟ್' ಮೂಲದಲ್ಲಿ ಲ್ಯಾಟಿನ್ ಮಾತು. ಅಲ್ಲಿ ಅದು ಕ್ರಿಯಾಪದ, 'ಕಡಿಮೆ ಬಿದ್ದಿದೆ' ಎಂದರ್ಥ. ನಮ್ಮ ಕಿರಾಣಿ ಅಂಗಡಿಯವರು ರೊಕ್ಕ ಎಣಿಸಿ "ಹತ್ತು ರೂಪಾಯಿ ಕಮ್ಮಿ ಬಿತ್ತು ನೋಡ್ರಿ" ಅಂತಾರಲ್ಲ, ಹೆಚ್ಚುಕಡಿಮೆ ಅದೇ. ಆದರೆ ಕಮ್ಮಿ ಬಿತ್ತು ಅನ್ನಬೇಕಾದರೆ 'ಇಷ್ಟು ಇರಬೇಕಿತ್ತು' ಅನ್ನೋದು ಮೊದಲು ಗೊತ್ತಿರಬೇಕು. ಆದ್ದರಿಂದ ಕೊರತೆ ಅಂತ ಕೇಳಿದ ಕೂಡಲೇ ಮೊದಲ ಪ್ರಶ್ನೆ: ಯಾವುದಕ್ಕೆ ಹೋಲಿಸಿ?

ಮಳೆಯ ವಿಷಯದಲ್ಲಿ ಹೋಲಿಕೆ 'ವಾಡಿಕೆ ಮಳೆ' ಜೊತೆ. ಹವಾಮಾನ ಇಲಾಖೆ ಈಗ 1971ರಿಂದ 2020ರವರೆಗಿನ ಸರಾಸರಿಯನ್ನ ವಾಡಿಕೆ ಅಂತ ಹಿಡಿಯುತ್ತೆ. ಅದಕ್ಕಿಂತ ಶೇ 19ರವರೆಗೆ ಕಡಿಮೆಯಾದರೂ ಅದು 'ಸಾಮಾನ್ಯ'. ಶೇ 20ರಿಂದ 59 ಕಡಿಮೆಯಾದರೆ 'ಕೊರತೆ'. ಶೇ 60 ದಾಟಿದರೆ 'ತೀವ್ರ ಕೊರತೆ'.

ಎರಡನೇ ಪ್ರಶ್ನೆ: ಎಷ್ಟು ಅವಧಿಯ ಲೆಕ್ಕ? ಶೇ 25 ಅನ್ನೋದು ನಾಲ್ಕು ತಿಂಗಳ, ಇಡೀ ರಾಜ್ಯದ ಸರಾಸರಿ. ಅದನ್ನ ಬಿಡಿಸಿ ನೋಡಿ. ಆ ವರ್ಷ ಜೂನ್‌ನಲ್ಲಿ ವಾಡಿಕೆಯ ಅರ್ಧದಷ್ಟೂ ಮಳೆ ಬರಲಿಲ್ಲ. ಜುಲೈನಲ್ಲಿ ವಾಡಿಕೆಗಿಂತ ಹೆಚ್ಚು ಬಂತು. ಆಗಸ್ಟ್‌ನಲ್ಲಿ ಶೇ 70ಕ್ಕಿಂತ ಹೆಚ್ಚು ಕೊರತೆ. ಕಾಕಾನ ಎರಿ ಹೊಲದಲ್ಲಿ ಇದ್ದದ್ದು ಹೆಸರು. ಮಿರಗದ ಮಳೆಗೆ ಬಿತ್ತಬೇಕು, ಆಗಸ್ಟ್‌ನಲ್ಲಿ ಕಾಳು ಕಟ್ಟಬೇಕು. ಬಿತ್ತೋವಾಗ ಇಲ್ಲ, ಕಾಳು ಕಟ್ಟೋವಾಗಲೂ ಇಲ್ಲ. ಜುಲೈನ ಹೆಚ್ಚುವರಿ ಮಳೆ ರಾಜ್ಯದ ಸರಾಸರಿಯನ್ನ ಮೇಲೆತ್ತಿತು, ಕಾಕಾನ ಬೆಳೆಯನ್ನ ಎತ್ತಲಿಲ್ಲ. ಕೊನೆಗೆ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆಯಾಯಿತು.

ಈಗ ಬಜೆಟ್‌ಗೆ ಬನ್ನಿ. ಅಲ್ಲೂ ಇದೇ ಕಥೆ, ಹೆಸರು ಮಾತ್ರ ಎರಡು. ಸಂಬಳ, ಪಿಂಚಣಿ, ಬಡ್ಡಿ, ಸಬ್ಸಿಡಿ, ಇವೆಲ್ಲ ದಿನದ ಖರ್ಚು. ತೆರಿಗೆ ಮುಂತಾದ ಆದಾಯ ಇದಕ್ಕೇ ಸಾಲದಿದ್ದರೆ ಅದು ರಾಜಸ್ವ ಕೊರತೆ. ರಸ್ತೆ, ಕಾಲುವೆಗಳ ಖರ್ಚೂ ಸೇರಿ ಒಟ್ಟು ಎಷ್ಟು ಸಾಲ ಎತ್ತಬೇಕಾಗುತ್ತೋ ಅದು ವಿತ್ತೀಯ ಕೊರತೆ. ಸಾಲ ಮಾಡಿ ಹೊಲಕ್ಕೆ ಬೋರ್ ಹಾಕಿಸೋದು ಬೇರೆ, ಸಾಲ ಮಾಡಿ ತಿಂಗಳ ಸಂತಿ ಮಾಡೋದು ಬೇರೆ. 2025-26ರ ರಾಜ್ಯ ಬಜೆಟ್ ಅಂದಾಜಿನಲ್ಲಿ ವಿತ್ತೀಯ ಕೊರತೆ 90,428 ಕೋಟಿ ರೂಪಾಯಿ. ಅದರೊಳಗೆ ರಾಜಸ್ವ ಕೊರತೆ 19,262 ಕೋಟಿ. ಅಂದರೆ ಸಾಲದ ಪ್ರತಿ ನೂರು ರೂಪಾಯಿಯಲ್ಲಿ ಇಪ್ಪತ್ತೊಂದು ರೂಪಾಯಿ ಸಂತಿಗೆ!

ಹಿಂದಿನ ವರ್ಷದ ಬಜೆಟ್‌ನಲ್ಲಿ ರಾಜಸ್ವ ಕೊರತೆಯ ಅಂದಾಜು 27,354 ಕೋಟಿ ಇತ್ತು. 2025-26ರ ಅಂದಾಜಿನಲ್ಲಿ ಅದು ಇಳಿದಿತ್ತು, ನಿಜ. ಹಾಗಂತ ಸಾಲ ಇಳಿಯಿತು ಅಂತಲ್ಲ. ನಾನು ಇಂಜಿನಿಯರಿಂಗ್ ಓದಿದವನು, ಟಾಕಿ ಲೆಕ್ಕದಲ್ಲಿ ಹೇಳ್ತೀನಿ. ಸಾಲ ಅಂದ್ರೆ ಟಾಕಿಯಲ್ಲಿ ನಿಂತ ನೀರು. ವಿತ್ತೀಯ ಕೊರತೆ ಅಂದ್ರೆ ಆ ವರ್ಷ ಅದಕ್ಕೆ ಸುರಿದ ನೀರು. ಸುರಿಯೋದು ಕಡಿಮೆಯಾದರೂ ಟಾಕಿ ಏರುತ್ತಲೇ ಇರುತ್ತೆ.

ಇನ್ನು ಮೂರನೇ ಪ್ರಶ್ನೆ, ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು: ಈ ಕೊರತೆ ತುಂಬೋರು ಯಾರು? ಸರ್ಕಾರಕ್ಕೆ ಕಮ್ಮಿ ಬಿದ್ದರೆ ಸಾಲ ಸಿಗುತ್ತೆ, ತೀರಿಸೋದು ನಾಳೆಯ ತೆರಿಗೆದಾರ. ಹುಬ್ಬಳ್ಳಿಯಲ್ಲಿ ನಳದ ನೀರು ಕಮ್ಮಿ ಬಿದ್ದರೆ ತುಂಬೋದು ಮನೆಯ ತಾಯಂದಿರು. ಬ್ಯಾರಲ್ ಇಟ್ಟು, ನಿದ್ದೆ ಬಿಟ್ಟು, ನಳ ಕಾದು ಕೂತು. ಬರಕ್ಕೆ ರಾಜ್ಯ ಸರ್ಕಾರ ಕೇಂದ್ರದಿಂದ ಕೇಳಿದ್ದು 18,171 ಕೋಟಿ. ವಿಷಯ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. 2024ರ ಏಪ್ರಿಲ್‌ನಲ್ಲಿ ಬಿಡುಗಡೆಯಾದದ್ದು ಸುಮಾರು 3,454 ಕೋಟಿ. ನಿಯಮದ ಪ್ರಕಾರ ಎಷ್ಟು ಬರಬೇಕಿತ್ತು ಅನ್ನೋದರ ಬಗ್ಗೆ ಇಬ್ಬರದೂ ಬೇರೆ ಬೇರೆ ವಾದ. ಆದರೆ ಎರಡು ಲೆಕ್ಕದ ನಡುವಿನ ಅಂತರ ಬಿದ್ದದ್ದು ಎಲ್ಲಿ? ಬಿತ್ತಿದವನ ತಲೆ ಮೇಲೆ.

ಅವತ್ತಿನಿಂದ ನಾನು ಒಂದು ರೂಢಿ ಮಾಡಿಕೊಂಡಿದ್ದೀನಿ. ಕೊರತೆಯ ಅಂಕಿ ಓದಿದರೆ ಅದರ ಜೊತೆಗೆ ಯಾವುದಕ್ಕೆ ಹೋಲಿಸಿ, ಯಾವ ಅವಧಿಯದು, ಯಾರ ಮೇಲೆ ಬೀಳುತ್ತೆ ಅಂತ ಇನ್ನೊಂದು ಸಾಲು ಸೇರಿಸ್ತೀನಿ. ಹತ್ತು ಸೆಕೆಂಡ್ ಹೆಚ್ಚು ಹಿಡಿಯುತ್ತೆ, ಹಿಡಿಯಲಿ. ನಾನು ಮರೆತರೆ ನೀವು ನೆನಪಿಸಿ. ಕಾಕಾ ಅಂತೂ ಬಿಡೋದಿಲ್ಲ, ಒಂಬತ್ತೂವರೆಗೆ ಫೋನ್ ಬಂದೇ ಬರುತ್ತೆ.