ಹುಳಿಗೂ ಬೆಂಕಿಗೂ ಅಂಜದ ಕಟ್ಟೆ

ಬೆಂಗಳೂರಿನಿಂದ ಬನ್ನೇರುಘಟ್ಟ ದಾಟಿ ಜಿಗಣಿ ಕಡೆಗೆ ಹೊರಟರೆ ರಸ್ತೆಯ ಪಕ್ಕದಲ್ಲೆಲ್ಲ ಗ್ರಾನೈಟ್ ಸ್ಲ್ಯಾಬುಗಳು ಒರಗಿ ನಿಂತಿರುತ್ತವೆ. ಅಡುಗೆಮನೆಯ ಕಟ್ಟೆಗೆ ಕಲ್ಲು ಬೇಕೆಂದು ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೊದಲು ನೋಡುವುದು ಬಣ್ಣವನ್ನು. ನನ್ನನ್ನು ಕೇಳಿದರೆ, ಬರುವಾಗ ಒಂದು ನಿಂಬೆಹಣ್ಣು, ಒಂದಿಷ್ಟು ಅಡುಗೆ ಎಣ್ಣೆ ತನ್ನಿ ಎನ್ನುತ್ತೇನೆ.

ನಮ್ಮ ತಾಯಿಯ ಅಡುಗೆಮನೆಯಲ್ಲಿದ್ದದ್ದು ಕಡಪ ಕಲ್ಲು. ಹೊಸದರಲ್ಲಿ ಕಪ್ಪಗೆ ಕನ್ನಡಿಯಂತೆ ಹೊಳೆಯುತ್ತಿತ್ತು. ಹುಣಸೆಹಣ್ಣು ನೆನೆಹಾಕಿದ ಪಾತ್ರೆ ಇಡುತ್ತಿದ್ದ ಕಡೆ ಬಿಳಿಚಿದ ಉಂಗುರಗಳು ಮೂಡಿದವು. ಎಷ್ಟು ಉಜ್ಜಿದರೂ ಹೋಗಲಿಲ್ಲ. ಅದು ಕೊಳೆಯಲ್ಲ, ಕಲ್ಲೇ ಸವೆದ ಗುರುತು. ಕಡಪ ಕಲ್ಲು ಸುಣ್ಣದ ಕಲ್ಲಿನ ಜಾತಿ, ಹುಳಿ ತಾಗಿದರೆ ಕರಗುತ್ತದೆ. ಅಮೃತಶಿಲೆಯ ಗತಿಯೂ ಅದೇ. ದಿನಕ್ಕೆರಡು ಸಲ ಸಾರು, ಗೊಜ್ಜು, ಚಿತ್ರಾನ್ನ ಆಗುವ ಮನೆಗೆ ಇವೆರಡೂ ಸಲ್ಲವು. ನಿಂಬೆರಸದ ನಾಲ್ಕು ಹನಿ ಬಿಟ್ಟು ಹತ್ತು ನಿಮಿಷದ ಮೇಲೆ ಒರೆಸಿದರೆ ಹೊಳಪು ಮಾಸಿತೋ ಇಲ್ಲವೋ ತಿಳಿದುಹೋಗುತ್ತದೆ.

ಗ್ರಾನೈಟ್ ಈ ಪರೀಕ್ಷೆಯಲ್ಲಿ ಗೆಲ್ಲುತ್ತದೆ. ಅದರ ಖನಿಜಗಳ ಗಡಸುತನ ಮೋಸ್ ಮಾಪನದಲ್ಲಿ 6ರಿಂದ 7. ಸುಣ್ಣದ ಕಲ್ಲಿನದು ಸುಮಾರು 3. ಅಡುಗೆಮನೆಯ ಚಾಕು ಇವೆರಡರ ನಡುವೆ ನಿಲ್ಲುತ್ತದೆ. ಹಾಗಾಗಿ ಗ್ರಾನೈಟಿನ ಮೇಲೆ ಹೆಚ್ಚಿದರೆ ಮೊಂಡಾಗುವುದು ಚಾಕು. ಇಳಕಲ್ಲಿನ ಕೆಂಗಲ್ಲು ನಮ್ಮಲ್ಲೇ ಸಿಗುತ್ತದೆ. ಚಾಮರಾಜನಗರದ ಕಪ್ಪು ಕಲ್ಲಿಗಂತೂ ಹೊರದೇಶಗಳಲ್ಲೂ ಹೆಸರಿದೆ. ಭೂವಿಜ್ಞಾನಿಗಳು ಅದನ್ನು ಡಾಲರೈಟ್ ಎನ್ನುತ್ತಾರೆ, ಅಂಗಡಿಯವರಿಗೆ ಅದೂ ಗ್ರಾನೈಟೇ. ಕಣ ಸಣ್ಣದು, ಹೆಣಿಗೆ ಬಿಗಿ. ಎಣ್ಣೆ, ಅರಿಶಿನ ಸುಲಭಕ್ಕೆ ಒಳಗಿಳಿಯುವುದಿಲ್ಲ. ಮಕ್ಕಳಿರುವ ಮನೆಗೆ ನಾನು ಸೂಚಿಸುವುದು ಇದನ್ನೇ.

ಆದರೆ ಕಪ್ಪಿಗೆ ಬೇಡಿಕೆ ಇರುವುದರಿಂದ ಬೂದು ಕಲ್ಲಿಗೆ ಬಣ್ಣ ಹಾಕಿ ಮಾರುವುದೂ ಉಂಟು. ಉಗುರುಬಣ್ಣ ತೆಗೆಯುವ ಅಸಿಟೋನನ್ನು ಬಿಳಿ ಬಟ್ಟೆಗೆ ಹಾಕಿ ಉಜ್ಜಿ ನೋಡಿ. ಬಟ್ಟೆ ಕಪ್ಪಾದರೆ ಮುಂದಿನ ಅಂಗಡಿಗೆ ನಡೆಯಿರಿ. ತಿಳಿಬಣ್ಣದ ಕಲ್ಲೇ ಬೇಕೆಂದಿದ್ದರೆ ಎಣ್ಣೆ ಹೊರತೆಗೆಯಿರಿ. ಒಂದು ಹನಿ ಬಿಟ್ಟ ಕಡೆ ಕಾಲು ಗಂಟೆಯಲ್ಲಿ ಕಲ್ಲು ಕಪ್ಪಿಟ್ಟಿತೆಂದರೆ ಅದು ಎಣ್ಣೆ ಕುಡಿಯುವ ಕಲ್ಲು, ಅರಿಶಿನವನ್ನೂ ಬಿಡದು. ಬಟ್ಟೆಗೆ ಹತ್ತಿದ ಅರಿಶಿನ ಬಿಸಿಲಿಗೆ ಹೋಗುತ್ತದೆ, ಕಟ್ಟೆಯನ್ನು ಬಿಸಿಲಿಗೆ ಹಾಕಲಾದೀತೆ?

ಈಗ ಕ್ವಾರ್ಟ್ಸ್ ಸ್ಲ್ಯಾಬುಗಳ ಕಾಲ. ಕ್ವಾರ್ಟ್ಸ್ ಪುಡಿಗೆ ರೆಸಿನ್ ಬೆರೆಸಿ ಒತ್ತಿ ಮಾಡಿದ ಇವುಗಳಿಗೆ ಕಲೆ ಹಿಡಿಯುವುದು ಕಡಿಮೆ. ಆದರೆ ರೆಸಿನ್‌ಗೆ ಬಿಸಿ ಆಗದು. ಕಾದ ಬಾಣಲೆಯನ್ನು ಇಕ್ಕಳದಲ್ಲಿ ಎತ್ತಿ ಸೀದಾ ಕಟ್ಟೆಗಿಡುವ ನಮ್ಮ ಅಭ್ಯಾಸಕ್ಕೆ ಇದು ಹೊಂದುವುದಿಲ್ಲ. ನನ್ನನ್ನು ಇನ್ನೂ ಹೆಚ್ಚು ಕಾಡುವುದು ಇದನ್ನು ಕತ್ತರಿಸುವವರ ಎದೆ. ಇದರ ದೂಳಿನಲ್ಲಿ ಸಿಲಿಕಾ ಬಹಳ. ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್, ಅದಕ್ಕೆ ವಾಸಿಯಾಗುವ ಮದ್ದಿಲ್ಲ. ಈ ಕಾರಣಕ್ಕೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಈ ಕೃತಕ ಕಲ್ಲನ್ನು ನಿಷೇಧಿಸಿತು. ಗ್ರಾನೈಟಿನ ದೂಳೂ ನಿರಪಾಯವಲ್ಲ. ನಿಮ್ಮ ಮನೆಯಲ್ಲಿ ಕಲ್ಲು ಕೊಯ್ಯುವಾಗ ಬ್ಲೇಡಿನ ಮೇಲೆ ನೀರು ಬೀಳುತ್ತಿದೆಯೇ, ಕೆಲಸಗಾರನ ಮುಖಕ್ಕೆ ಸರಿಯಾದ ಮಾಸ್ಕ್ ಇದೆಯೇ ನೋಡಿ. ಇಲ್ಲದಿದ್ದರೆ ಕೆಲಸ ನಿಲ್ಲಿಸಿ.

ಎತ್ತರವನ್ನು ಮೇಸ್ತ್ರಿಯ ವಾಡಿಕೆಗೆ ಬಿಡಬೇಡಿ. ಹೆಚ್ಚು ಹೊತ್ತು ಅಡುಗೆ ಮಾಡುವವರನ್ನು ನಿಲ್ಲಿಸಿ, ಮೊಣಕೈಗಿಂತ ನಾಲ್ಕಾರು ಇಂಚು ಕೆಳಗೆ ಗೆರೆ ಎಳೆಸಿ. ಮುದ್ದೆ ತೊಳಸುವ ಮನೆಯಾದರೆ ಒಲೆಯ ಕಡೆ ಇನ್ನೂ ತಗ್ಗಿರಲಿ, ಸ್ಟವ್ ಮತ್ತು ಪಾತ್ರೆಯ ಎತ್ತರವೂ ಅದಕ್ಕೆ ಸೇರುತ್ತದೆ. ಸಿಂಕಿನ ಕಂಡಿಯ ಮೂಲೆಗಳನ್ನು ಗುಂಡಗೆ ಕೊಯ್ಯಿಸಿ. ಚೂಪು ಮೂಲೆಯಿಂದಲೇ ಬಿರುಕು ಹೊರಡುವುದು. ಅಲ್ಲಿ ಕತ್ತರಿಸಿ ತೆಗೆದ ತುಂಡು ನಿಮ್ಮ ದುಡ್ಡಿನದೇ. ಬಿಟ್ಟುಬಿಡದೆ ಅಂಚು ಉಜ್ಜಿಸಿ ಇಟ್ಟುಕೊಳ್ಳಿ, ಚಪಾತಿ ಲಟ್ಟಿಸಲು ಅಂಥ ತಣ್ಣನೆಯ ಮಣೆ ಇನ್ನೊಂದಿಲ್ಲ.